ಮಾತ್ರೆ ಒಂದೇ, ಮನಸ್ಸು ಹಲವು

ಒಂದು ಮಾತ್ರೆ ಇದೆ ಎಂದುಕೊಳ್ಳಿ. ಅದನ್ನು ನುಂಗಿದರೆ ಅಕೌಂಟೆನ್ಸಿಯ ನಮೂನೆಗಳೆಲ್ಲ ಒಂದೇ ಓದಿಗೆ ನೆನಪಿನಲ್ಲಿ ನಿಲ್ಲುತ್ತವೆ. ಅಡ್ಡಪರಿಣಾಮ ಇಲ್ಲ, ಬೆಲೆಯೂ ಕೈಗೆಟಕುವಷ್ಟೇ. ತೆಗೆದುಕೊಳ್ಳುತ್ತೀರಾ? ಈಗ ಎರಡನೆಯ ಮಾತ್ರೆ. ಇದನ್ನು ನುಂಗಿದರೆ ನೀವು ಈಗ ಇರುವುದಕ್ಕಿಂತ ಹೆಚ್ಚು ಕರುಣೆಯುಳ್ಳವರಾಗುತ್ತೀರಿ. ಇದನ್ನು ತೆಗೆದುಕೊಳ್ಳುತ್ತೀರಾ?

ನೆನಪಿನ ಶಕ್ತಿಗಿಂತ ಕರುಣೆ ದೊಡ್ಡ ಗುಣ ಎಂದು ನಾವೆಲ್ಲರೂ ಹೇಳುತ್ತೇವೆ, ಪ್ರಬಂಧ ಸ್ಪರ್ಧೆಯಲ್ಲೂ ಹಾಗೆಯೇ ಬರೆಯುತ್ತೇವೆ. ಆದರೆ ಮಾತ್ರೆಯ ಮಾತು ಬಂದಾಗ ಜನ ಮೊದಲನೆಯದಕ್ಕೆ ಕೈ ಚಾಚುತ್ತಾರೆ, ಎರಡನೆಯದಕ್ಕೆ ಹಿಂಜರಿಯುತ್ತಾರೆ. ಜೇಸನ್ ರೀಸ್, ಜೋಸೆಫ್ ಸಿಮನ್ಸ್, ಜೆಫ್ರಿ ಗುಡ್‌ವಿನ್ ಎಂಬ ಮೂವರು ಸಂಶೋಧಕರು ಅಮೆರಿಕದ ಯುವಜನರನ್ನು ಇಂಥದೇ ಪ್ರಶ್ನೆಗಳನ್ನು ಕೇಳಿ 2008ರಲ್ಲಿ ಒಂದು ಲೇಖನ ಪ್ರಕಟಿಸಿದರು. ನಿದ್ದೆ ತಡೆಯುವುದು, ನೆನಪು, ಪರಭಾಷೆ ಕಲಿಯುವ ಶಕ್ತಿ ಮುಂತಾದವನ್ನು ಮಾತ್ರೆಯಿಂದ ಹೆಚ್ಚಿಸಿಕೊಳ್ಳಲು ಜನ ಹೆಚ್ಚು ಸಿದ್ಧರಿದ್ದರು. ಕರುಣೆ, ಇನ್ನೊಬ್ಬರ ನೋವನ್ನು ಅರಿಯುವ ಗುಣ ಮುಂತಾದವುಗಳಿಗೆ ಬಹಳ ಕಡಿಮೆ ಮಂದಿ ಒಪ್ಪಿದರು. ಕಾರಣವೂ ಅವರ ಉತ್ತರಗಳಲ್ಲೇ ಸಿಕ್ಕಿತು. ಯಾವ ಗುಣವನ್ನು ನಾವು 'ಇದೇ ನಾನು' ಎಂದುಕೊಂಡಿದ್ದೇವೋ ಅದಕ್ಕೆ ಹೊರಗಿನ ಮಾತ್ರೆ ಕೈ ಹಾಕುವುದು ನಮಗೆ ಇಷ್ಟವಿಲ್ಲ. ನೆನಪಿನ ಶಕ್ತಿ ನಮ್ಮ ಬಳಿ ಇರುವ ಒಂದು ಸಾಧನ, ಕರುಣೆ ನಾವೇ.

ಆ ಲೇಖನ ಪ್ರಕಟವಾದದ್ದು ವೈದ್ಯಕೀಯ ಪತ್ರಿಕೆಯಲ್ಲಿ ಅಲ್ಲ, 'ಜರ್ನಲ್ ಆಫ್ ಕನ್ಸ್ಯೂಮರ್ ರಿಸರ್ಚ್' ಎಂಬ ಗ್ರಾಹಕ ಅಧ್ಯಯನದ ಪತ್ರಿಕೆಯಲ್ಲಿ. ಆದ್ದರಿಂದ ಸೈನ್ಸ್ ವಿಭಾಗದ ಗೆಳೆಯರು ಕ್ಷಮಿಸಬೇಕು, ಈ ವಿಷಯ ಕಾಮರ್ಸಿನವರದ್ದೂ ಹೌದು. ನಮ್ಮ ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ಮಾಸ್ಲೋ ಹೇಳಿದ ಅಗತ್ಯಗಳ ಶ್ರೇಣಿ ಇದೆ. ಮನುಷ್ಯನಿಗೆ ಏನು ಬೇಕು ಎಂಬುದನ್ನು ಅದು ಹೇಳುತ್ತದೆ. ಬೇಕಾದದ್ದು ಎದುರಿಗೇ ಇದ್ದರೂ ಒಬ್ಬ ಏಕೆ ಬೇಡ ಎನ್ನುತ್ತಾನೆ ಎಂಬುದು ಅದರಲ್ಲಿ ಇಲ್ಲ. ಅದಕ್ಕೆ ವ್ಯಕ್ತಿತ್ವ ಮತ್ತು ಮೌಲ್ಯ ಎಂಬ ಇನ್ನೆರಡು ಪದಗಳು ಬೇಕಾಗುತ್ತವೆ.

ಅದಕ್ಕೂ ಮೊದಲು, ಯಾವುದನ್ನು ಸಾಮರ್ಥ್ಯ ವರ್ಧನೆ ಎನ್ನುತ್ತಾರೆ ಎಂಬುದನ್ನು ನೋಡೋಣ. ಕಳೆದುಹೋದದ್ದನ್ನು ಮರಳಿ ಕೊಡುವುದು ಚಿಕಿತ್ಸೆ. ಇರುವುದಕ್ಕಿಂತ ಹೆಚ್ಚು ಕೊಡುವುದು ವರ್ಧನೆ. ಬರೆದಾಗ ಸರಳವಾಗಿ ಕಾಣುತ್ತದೆ, ಆದರೆ ನಡುವಿನ ಗೆರೆ ಅಲುಗಾಡುತ್ತಲೇ ಇರುತ್ತದೆ. ನಮ್ಮ ದಾದಿಗೆ ಎರಡೂ ಕಣ್ಣುಗಳ ಪೊರೆ ತೆಗೆದು ಒಳಗೆ ಲೆನ್ಸ್ ಕೂರಿಸಿದ್ದಾರೆ. ಈಗ ಅವರಿಗೆ ಅಡುಗೆಮನೆಯಿಂದಲೇ ಗೇಟಿನ ಹೊರಗೆ ಯಾರು ನಿಂತಿದ್ದಾರೆ ಎಂದು ಕಾಣುತ್ತದೆ. ನಮಗೆ ಅದರಿಂದ ಸ್ವಲ್ಪ ತೊಂದರೆಯೂ ಆಗಿದೆ. ಇದು ಚಿಕಿತ್ಸೆ ಎಂಬುದರಲ್ಲಿ ಇಂದು ಯಾರಿಗೂ ಅನುಮಾನವಿಲ್ಲ. ಆದರೆ 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಮೊದಲ ಬಾರಿಗೆ ಕಣ್ಣೊಳಗೆ ಕೃತಕ ಲೆನ್ಸ್ ಇಟ್ಟಾಗ ಇತರ ಕಣ್ಣಿನ ವೈದ್ಯರಲ್ಲೇ ಬಹಳ ಮಂದಿ ಅದನ್ನು ವಿರೋಧಿಸಿದ್ದರು. ಕಣ್ಣಿನಿಂದ ಹೊರಗಿನ ವಸ್ತುವನ್ನು ತೆಗೆಯುವುದು ವೈದ್ಯರ ಕೆಲಸ, ಇಡುವುದಲ್ಲ ಎಂಬುದು ಆಗಿನ ತಿಳಿವಳಿಕೆ. ಹಾಗಾದರೆ ಲಸಿಕೆ? ರೋಗವೇ ಇಲ್ಲದವನಿಗೆ ಇಲ್ಲದ ಶಕ್ತಿಯನ್ನು ಕೊಡುತ್ತೇವೆ. ರಾತ್ರಿ ಓದುವಾಗ ಕುಡಿಯುವ ಸ್ಟ್ರಾಂಗ್ ಚಹಾ? ಅದನ್ನು ಯಾರೂ ತಂತ್ರಜ್ಞಾನ ಎನ್ನುವುದಿಲ್ಲ, ಆದರೆ ಅದರಲ್ಲಿರುವ ಕೆಫೀನ್ ಮಾಡುವ ಕೆಲಸ ಅದೇ.

ಈಗ ವ್ಯಕ್ತಿತ್ವ. ಮನಃಶಾಸ್ತ್ರಜ್ಞರು ವ್ಯಕ್ತಿತ್ವವನ್ನು ಐದು ಅಳತೆಗಳಲ್ಲಿ ನೋಡುತ್ತಾರೆ: ಹೊಸ ಅನುಭವಕ್ಕೆ ತೆರೆದಿರುವುದು, ಶಿಸ್ತಿನಿಂದ ಕೆಲಸ ಮುಗಿಸುವುದು, ಜನರೊಡನೆ ಬೆರೆಯುವುದು, ಇತರರೊಡನೆ ಹೊಂದಿಕೊಳ್ಳುವುದು, ಬೇಗ ಆತಂಕಕ್ಕೆ ಒಳಗಾಗುವುದು. ಪ್ರತಿಯೊಬ್ಬರಲ್ಲೂ ಐದೂ ಇರುತ್ತವೆ, ಪ್ರಮಾಣ ಮಾತ್ರ ಬೇರೆ ಬೇರೆ. ಹೊಸ ಮೊಬೈಲ್ ಬಂದ ದಿನವೇ ಅದರ ಎಲ್ಲ ಸೆಟ್ಟಿಂಗ್ ಒತ್ತಿ ನೋಡುವವನೂ, 'ಹಳೇದು ಚೆನ್ನಾಗೇ ಇದೆಯಲ್ಲ' ಎನ್ನುವವನೂ ಒಂದೇ ಮನೆಯಲ್ಲಿ ಇರುತ್ತಾರೆ. ಮಿದುಳಿಗೆ ಚಿಪ್ ಹಾಕುವ ಮಾತು ಬಂದಾಗಲೂ ಇವರಿಬ್ಬರು ಒಂದೇ ಬದಿಗೆ ಕೂರುತ್ತಾರೆ ಎಂದು ನಿರೀಕ್ಷಿಸುವುದು ಕಷ್ಟ.

ಇದರ ಬಗ್ಗೆ ಫಿನ್ಲೆಂಡಿನ ಮಿಖಾಯೆಲ್ ಲಾಕಸುವೊ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದುವಾಗ ನನಗೆ ಆಶ್ಚರ್ಯವಾಯಿತು. ಮನುಷ್ಯನ ಮನಸ್ಸನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ವರ್ಗಾಯಿಸುವ ಒಂದು ಕಲ್ಪಿತ ತಂತ್ರಜ್ಞಾನವನ್ನು ಅವರು ಜನರ ಮುಂದೆ ಇಟ್ಟರು. ವೈಜ್ಞಾನಿಕ ಕಥೆ ಮತ್ತು ಸಿನಿಮಾಗಳ ಹವ್ಯಾಸ ಇದ್ದವರು ಅದನ್ನು ಹೆಚ್ಚು ಒಪ್ಪಿದರು. ಶುದ್ಧ ಅಶುದ್ಧ ಎಂಬ ಭಾವನೆ ಬಲವಾಗಿದ್ದವರು ಅದನ್ನು ಹೆಚ್ಚು ಖಂಡಿಸಿದರು. ಸಾವಿನ ಬಗ್ಗೆ ಆತಂಕ ಹೆಚ್ಚಿದ್ದವರೂ ಒಪ್ಪುವವರ ಕಡೆಗೇ ವಾಲಿದರು. ನಾನು ಆತಂಕದ ಸ್ವಭಾವದವರು ಹೊಸದನ್ನೆಲ್ಲ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಯೋಚಿಸಿದರೆ, ಯಾವುದರ ಆತಂಕ ಎಂಬುದು ಮುಖ್ಯ. ಶಸ್ತ್ರಚಿಕಿತ್ಸೆಗೆ ಹೆದರುವವನು ಚಿಪ್ಪಿನಿಂದ ದೂರ ಓಡುತ್ತಾನೆ, ಸಾವಿಗೆ ಹೆದರುವವನು ಅದೇ ಚಿಪ್ಪನ್ನು ಹುಡುಕಿಕೊಂಡು ಬರುತ್ತಾನೆ. ಅದೇ ತಂಡ 2021ರಲ್ಲಿ ಇನ್ನೊಂದು ವಿಷಯ ತೋರಿಸಿತು: ತನ್ನ ಲಾಭಕ್ಕಾಗಿ ಇತರರನ್ನು ಚಾಣಾಕ್ಷತನದಿಂದ ಬಳಸಿಕೊಳ್ಳುವ ಸ್ವಭಾವ ಹೆಚ್ಚಿದ್ದಷ್ಟೂ ಈ ತಂತ್ರಜ್ಞಾನಕ್ಕೆ ಒಪ್ಪಿಗೆ ಹೆಚ್ಚು. ಇದನ್ನು ಓದಿ, ಒಪ್ಪುವವರೆಲ್ಲ ಕೆಟ್ಟವರು ಎಂದು ಯಾರೂ ತಿಳಿಯಬಾರದು. ಸರಾಸರಿಯ ಮಾತು ಒಬ್ಬೊಬ್ಬ ಮನುಷ್ಯನ ಮಾತಲ್ಲ, ಇದನ್ನು ಸಂಖ್ಯಾಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಕಲಿತಿದ್ದೇವೆ.

ಮೌಲ್ಯ ಎಂಬುದು ವ್ಯಕ್ತಿತ್ವಕ್ಕಿಂತ ಬೇರೆ. ನಾನು ಹೇಗಿದ್ದೇನೆ ಎಂಬುದು ವ್ಯಕ್ತಿತ್ವ, ನನಗೆ ಯಾವುದು ಮುಖ್ಯ ಎಂಬುದು ಮೌಲ್ಯ. ಶಾಲೋಮ್ ಶ್ವಾರ್ಟ್ಸ್ ಎಂಬ ಮನಃಶಾಸ್ತ್ರಜ್ಞರು ಹಲವು ದೇಶಗಳ ಜನರನ್ನು ಅಧ್ಯಯನ ಮಾಡಿ 1992ರಲ್ಲಿ ಹತ್ತು ಮೂಲ ಮೌಲ್ಯಗಳ ಪಟ್ಟಿ ಕೊಟ್ಟರು: ಸ್ವಂತ ನಿರ್ಧಾರ, ಹೊಸತರ ಹುರುಪು, ಸುಖ, ಸಾಧನೆ, ಅಧಿಕಾರ, ಭದ್ರತೆ, ನಿಯಮಪಾಲನೆ, ಸಂಪ್ರದಾಯ, ತನ್ನವರ ಹಿತ, ಸರ್ವರ ಹಿತ. ಇವನ್ನು ಅವರು ಒಂದು ವೃತ್ತದಲ್ಲಿ ಜೋಡಿಸಿದರು. ಪಕ್ಕಪಕ್ಕದ ಮೌಲ್ಯಗಳು ಒಂದಕ್ಕೊಂದು ಹೊಂದುತ್ತವೆ, ಎದುರುಬದುರಿನವು ಜಗಳವಾಡುತ್ತವೆ. ಸ್ವಂತ ನಿರ್ಧಾರ ಮತ್ತು ಹೊಸತರ ಹುರುಪಿಗೆ ಎದುರಾಗಿ ಸಂಪ್ರದಾಯ, ನಿಯಮಪಾಲನೆ, ಭದ್ರತೆ ನಿಂತಿವೆ. ಸಾಧನೆ ಮತ್ತು ಅಧಿಕಾರಕ್ಕೆ ಎದುರಾಗಿ ತನ್ನವರ ಹಿತ, ಸರ್ವರ ಹಿತ.

ಈ ವೃತ್ತವನ್ನು ನೋಡಿದ ಕೂಡಲೇ 'ಸಂಪ್ರದಾಯದವರು ಬೇಡ ಎನ್ನುತ್ತಾರೆ, ಸಾಧನೆಯವರು ಬೇಕು ಎನ್ನುತ್ತಾರೆ' ಎಂದು ಎರಡು ಕಾಲಂ ಬರೆಯಬೇಕು ಎನಿಸುತ್ತದೆ. ನನಗೆ ಅದು ಅಷ್ಟು ಸುಲಭ ಎಂದು ಕಾಣುವುದಿಲ್ಲ. ಸರ್ವರ ಹಿತವನ್ನೇ ತೆಗೆದುಕೊಳ್ಳಿ. ಶ್ರೀಮಂತರ ಮಕ್ಕಳಿಗೆ ಮಾತ್ರ ಚಿಪ್ ಸಿಕ್ಕರೆ ಅನ್ಯಾಯ, ಆದ್ದರಿಂದ ಬೇಡ ಎಂದು ಒಬ್ಬರು ಹೇಳಬಹುದು. ಅದೇ ಮೌಲ್ಯದಿಂದ ಇನ್ನೊಬ್ಬರು, ಹುಟ್ಟಿನಿಂದಲೇ ಕೆಲವರಿಗೆ ಹೆಚ್ಚು ಕೆಲವರಿಗೆ ಕಡಿಮೆ ಸಿಕ್ಕಿದೆಯಲ್ಲ, ಎಲ್ಲರಿಗೂ ಚಿಪ್ ಕೊಟ್ಟು ಸಮ ಮಾಡಿ ಎನ್ನಬಹುದು. ಸಾಧನೆಯ ಬೆನ್ನು ಹತ್ತಿದವನಿಗೂ ಒಂದು ಇಕ್ಕಟ್ಟಿದೆ. ಪರೀಕ್ಷೆಗೆ ನಾನೊಬ್ಬನೇ ಮಾತ್ರೆ ತಿಂದರೆ ರ‍್ಯಾಂಕ್ ಮೇಲೇರುತ್ತದೆ, ಎಲ್ಲರೂ ತಿಂದರೆ ರ‍್ಯಾಂಕ್ ಇದ್ದಲ್ಲೇ ಇರುತ್ತದೆ, ಮಾತ್ರೆಯ ಖರ್ಚು ಮಾತ್ರ ಉಳಿಯುತ್ತದೆ. ನನಗೆ ತೋರುವಂತೆ, ಮೌಲ್ಯವು ನಮ್ಮ ಉತ್ತರವನ್ನು ಬರೆದುಕೊಡುವುದಿಲ್ಲ. ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಭದ್ರತೆ ಮುಖ್ಯವಾದವನು 'ಅಪಾಯ ಇಲ್ಲವೇ' ಎಂದು ಶುರುಮಾಡುತ್ತಾನೆ. ಸ್ವಂತ ನಿರ್ಧಾರ ಮುಖ್ಯವಾದವನು 'ಬೇಡವೆನಿಸಿದರೆ ತೆಗೆಯಬಹುದೇ' ಎಂದು ಕೇಳುತ್ತಾನೆ. ಸಂಪ್ರದಾಯದವನ ಮೊದಲ ಪ್ರಶ್ನೆ 'ಇದಕ್ಕೆ ಅನುಮತಿ ಇದೆಯೇ' ಎಂಬುದು.

ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2016ರಲ್ಲಿ 4,700ಕ್ಕೂ ಹೆಚ್ಚು ವಯಸ್ಕರನ್ನು ಮೂರು ವಿಷಯಗಳ ಬಗ್ಗೆ ಕೇಳಿತು: ಮಗುವಿಗೆ ಮುಂದೆ ರೋಗ ಬಾರದಂತೆ ಜೀನ್ ತಿದ್ದುವುದು, ಏಕಾಗ್ರತೆ ಹೆಚ್ಚಿಸಲು ಮಿದುಳಿಗೆ ಚಿಪ್ ಹಾಕುವುದು, ದೇಹದ ಶಕ್ತಿ ಹೆಚ್ಚಿಸಲು ಕೃತಕ ರಕ್ತ ಕೊಡುವುದು. ಜೀನ್ ತಿದ್ದುವುದರ ಬಗ್ಗೆ ಚಿಂತೆ ಇದೆ ಎಂದವರು ಶೇ. 68, ಉತ್ಸಾಹ ಇದೆ ಎಂದವರು ಶೇ. 49. ಕೂಡಿಸಿದರೆ 117 ಆಗುತ್ತದೆ. ಟ್ರಯಲ್ ಬ್ಯಾಲೆನ್ಸ್ ತಪ್ಪಾಗಿದೆ ಎಂದುಕೊಳ್ಳಬೇಡಿ. ಎರಡೂ ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿದ್ದರು, ಒಬ್ಬನೇ ಮನುಷ್ಯ ಎರಡಕ್ಕೂ ಹೌದು ಎಂದಿದ್ದ. ಮಗುವಿಗೆ ರೋಗ ಬಾರದಿದ್ದರೆ ಎಷ್ಟು ಒಳ್ಳೆಯದು ಎಂದು ಒಂದು ಮನಸ್ಸು, ಏನಾದರೂ ಹೆಚ್ಚುಕಮ್ಮಿ ಆದರೆ ಎಂದು ಇನ್ನೊಂದು ಮನಸ್ಸು. ಮಿದುಳಿನ ಚಿಪ್ಪಿಗೆ ಚಿಂತೆ ಶೇ. 69, ಉತ್ಸಾಹ ಶೇ. 34 ಮಾತ್ರ. ರೋಗ ತಡೆಯುವುದಕ್ಕೆ ಹತ್ತಿರವಿದ್ದದ್ದು ಹೆಚ್ಚು ಉತ್ಸಾಹ ಪಡೆಯಿತು, ಬುದ್ಧಿ ಹೆಚ್ಚಿಸುವುದು ಕಡಿಮೆ ಪಡೆಯಿತು. ಧರ್ಮನಿಷ್ಠೆ ಹೆಚ್ಚಿರುವವರು ಇವನ್ನು ಮಿತಿ ಮೀರುವ ಕೆಲಸ ಎಂದು ಹೇಳುವ ಸಾಧ್ಯತೆ ಹೆಚ್ಚು ಎಂದೂ ಆ ಸಮೀಕ್ಷೆ ತೋರಿಸಿತು.

ಅಂಕಿಗಳಲ್ಲಿ ಕಾಣದ ಒಂದು ಸಂಗತಿ ಒಂದು ಕುಟುಂಬದ ಕಥೆಯಲ್ಲಿ ಕಾಣುತ್ತದೆ. 2000ದಲ್ಲಿ ಬಂದ 'ಸೌಂಡ್ ಅಂಡ್ ಫ್ಯೂರಿ' ಎಂಬ ಅಮೆರಿಕದ ಸಾಕ್ಷ್ಯಚಿತ್ರ ಆಸ್ಕರ್‌ಗೂ ನಾಮನಿರ್ದೇಶನಗೊಂಡಿತ್ತು. ಅದರಲ್ಲಿ ಆರ್ಟಿನಿಯನ್ ಎಂಬ ಮನೆತನದ ಇಬ್ಬರು ಅಣ್ಣತಮ್ಮಂದಿರು ಇದ್ದಾರೆ. ಪೀಟರ್‌ಗೆ ಕಿವಿ ಕೇಳಿಸುವುದಿಲ್ಲ, ಹೆಂಡತಿಗೂ ಕೇಳಿಸುವುದಿಲ್ಲ, ಮಕ್ಕಳಿಗೂ ಕೇಳಿಸುವುದಿಲ್ಲ. ಕ್ರಿಸ್ ಮತ್ತು ಅವನ ಹೆಂಡತಿಗೆ ಕೇಳಿಸುತ್ತದೆ, ಆದರೆ ಅವರ ಅವಳಿ ಮಕ್ಕಳಲ್ಲಿ ಒಂದು ಕಿವುಡಾಗಿ ಹುಟ್ಟಿದೆ. ಪ್ರಶ್ನೆ ಕಾಕ್ಲಿಯರ್ ಇಂಪ್ಲಾಂಟ್‌ನದು. ಇದು ಶಬ್ದವನ್ನು ದೊಡ್ಡದು ಮಾಡುವ ಸಾಮಾನ್ಯ ಶ್ರವಣ ಸಾಧನ ಅಲ್ಲ. ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಗೆ ತಂತಿ ಸೇರಿಸುತ್ತಾರೆ. ಹೊರಗಿನ ಯಂತ್ರ ಶಬ್ದವನ್ನು ಹಿಡಿದು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ, ತಂತಿ ಆ ಸಂಕೇತವನ್ನು ನೇರವಾಗಿ ಶ್ರವಣ ನರಕ್ಕೆ ಮುಟ್ಟಿಸುತ್ತದೆ.

ಕ್ರಿಸ್ ತನ್ನ ಮಗುವಿಗೆ ಅದನ್ನು ಹಾಕಿಸಲು ನಿರ್ಧರಿಸುತ್ತಾನೆ. ಪೀಟರನ ಪುಟ್ಟ ಮಗಳು ಹೆದರ್ ತನಗೂ ಬೇಕು ಎಂದು ತಾನೇ ಕೇಳುತ್ತಾಳೆ. ತಂದೆ ತಾಯಿ ಬಹಳ ವಿಚಾರಿಸಿ ಬೇಡ ಎನ್ನುತ್ತಾರೆ. ಅಜ್ಜ ಅಜ್ಜಿಗೆ ಕಿವಿ ಕೇಳಿಸುತ್ತದೆ. ಅವರಿಗೆ ಇದು ಕ್ರೌರ್ಯ ಎನಿಸುತ್ತದೆ, ಮೊಮ್ಮಗಳಿಗೆ ಕೇಳಿಸುವ ಅವಕಾಶ ಇದ್ದೂ ತಪ್ಪಿಸುತ್ತಿದ್ದೀರಲ್ಲ ಎಂದು. ಪೀಟರ್‌ಗೆ ಕ್ರೌರ್ಯ ಕಾಣುವುದು ಬೇರೆಡೆ. ಅವನ ಪಾಲಿಗೆ ಕಿವುಡುತನ ರೋಗವಲ್ಲ. ಅವನಿಗೆ ಸನ್ನೆಯ ಭಾಷೆ ಇದೆ, ಕೆಲಸ ಇದೆ, ತನ್ನಂಥವರ ಸಮುದಾಯ ಇದೆ. ಮಗಳು ಆ ಯಂತ್ರದಿಂದ ತನ್ನ ಲೋಕವನ್ನು ಬಿಟ್ಟು ಹೋಗುತ್ತಾಳೆ ಎಂಬುದು ಅವನ ಭಯ. ಅವನೊಬ್ಬನ ವಾದವೂ ಅದಲ್ಲ. ಅಮೆರಿಕದಲ್ಲಿ 1990ರಲ್ಲಿ ಮಕ್ಕಳಿಗೆ ಈ ಯಂತ್ರವನ್ನು ಅಳವಡಿಸಲು ಸರ್ಕಾರಿ ಅನುಮತಿ ಸಿಕ್ಕಿದಾಗ ಅಲ್ಲಿನ ರಾಷ್ಟ್ರೀಯ ಕಿವುಡರ ಸಂಘವೇ ಅದನ್ನು ವಿರೋಧಿಸಿತ್ತು. 2000ದಲ್ಲಿ ಆ ಸಂಘ ತನ್ನ ನಿಲುವನ್ನು ಸಡಿಲಿಸಿತು. ಹೆದರ್‌ಗೂ ಕೆಲವು ವರ್ಷಗಳ ನಂತರ ಇಂಪ್ಲಾಂಟ್ ಆಯಿತು.

ನಮ್ಮಲ್ಲಿ ಈ ವಾದವನ್ನು ಹೇಳಿದರೆ ಹುಚ್ಚು ಎನ್ನುತ್ತಾರೆ. ಬಡ ಕುಟುಂಬದ ಚಿಕ್ಕ ಮಕ್ಕಳಿಗೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಉಚಿತವಾಗಿ ಸಿಗುತ್ತದೆ. ಸಿಕ್ಕಿದರೆ ಸಾಕು ಎಂದು ತಂದೆ ತಾಯಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ನಾನೂ ಅವರ ಪಕ್ಷವೇ. ಆದರೆ ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಮುಂದೆ ಬಿ.ಕಾಂ.ಗೆ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ಓಡಾಡುವ ನನಗೆ ಪೀಟರನ ಭಯ ಪೂರ್ತಿ ಅಪರಿಚಿತ ಅಲ್ಲ. ನನ್ನ ಚಿಕ್ಕ ತಮ್ಮ ದಾದಿಯ ಜೊತೆ ಕನ್ನಡದಲ್ಲೇ ಉತ್ತರ ಕೊಡಲು ಶುರುಮಾಡಿದಾಗ ಅಬ್ಬಾ ಮಾತಾಡದೆ ಅವನನ್ನೇ ನೋಡುತ್ತಿದ್ದರು.

ಧರ್ಮದ ವಿಷಯ ಬಂದದ್ದರಿಂದ ನಮ್ಮ ಮನೆಯ ಒಂದು ಮಾತನ್ನೂ ಹೇಳುತ್ತೇನೆ. ದೇಹ ಅಲ್ಲಾಹನ ಅಮಾನತ್ ಎಂದು ದಾದಿ ಹೇಳುತ್ತಾರೆ. ಕನ್ನಡ ಪೇಪರ್ ಓದುವ ನನ್ನ ತಮ್ಮ 'ದೇಹವನ್ನು ಸಸ್ಪೆಂಡ್ ಮಾಡಿದ್ದಾರಾ' ಎಂದು ಕೇಳಿ ಬೈಸಿಕೊಂಡ. ಉರ್ದುವಿನಲ್ಲಿ ಅಮಾನತ್ ಎಂದರೆ ಒಬ್ಬರು ನಂಬಿ ನಮ್ಮ ಬಳಿ ಇಟ್ಟ ವಸ್ತು. ನಮ್ಮ ಸಿಲೆಬಸ್ಸಿನ ಮಾತಿನಲ್ಲಿ ಹೇಳುವುದಾದರೆ ಅದು ನಮ್ಮ ಆಸ್ತಿಯ ಬದಿಯಲ್ಲಿ ಬರುವುದಿಲ್ಲ. ಆದರೆ ಅಮಾನತ್ ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯಿತೇ? ಬ್ಯಾಂಕಿನಲ್ಲಿ ನಾವು ಎರಡು ರೀತಿಯಲ್ಲಿ ನಂಬಿ ಇಡುತ್ತೇವೆ. ಲಾಕರಿನಲ್ಲಿ ಇಟ್ಟ ಬಳೆ ಅದೇ ಬಳೆಯಾಗಿ ಮರಳಬೇಕು. ಠೇವಣಿ ಇಟ್ಟ ಹಣವನ್ನು ಬ್ಯಾಂಕು ಬಳಸುತ್ತದೆ, ಬೇರೆ ನೋಟುಗಳಲ್ಲಿ, ಹೆಚ್ಚಾಗಿಯೇ ಮರಳಿಸುತ್ತದೆ. (ಬಡ್ಡಿಯ ಮಾತು ಇಲ್ಲಿ ಬೇಡ, ಹೋಲಿಕೆ ಮಾತ್ರ.) ದೇಹ ಲಾಕರಿನ ಬಳೆ ಎಂದುಕೊಂಡವರು ವರ್ಧನೆಗೆ ಬೇಡ ಎನ್ನುತ್ತಾರೆ. ಕೊಟ್ಟದ್ದನ್ನು ಬೆಳೆಸಿ ಒಪ್ಪಿಸಬೇಕು ಎಂದುಕೊಂಡವರು ಯಾಕಾಗಬಾರದು ಎನ್ನುತ್ತಾರೆ. ಇಬ್ಬರ ಮೌಲ್ಯವೂ ಒಂದೇ, ಇಬ್ಬರೂ ಅಮಾನತ್ ಎಂದೇ ಹೇಳುತ್ತಿದ್ದಾರೆ.

ಹದೀಸ್ ಸಂಗ್ರಹಗಳಲ್ಲಿ, ಅಬೂ ದಾವೂದ್‌ನಲ್ಲಿ, ಅರ್ಫಜಾ ಎಂಬವರ ಪ್ರಸಂಗ ಬರುತ್ತದೆ. ಯುದ್ಧದಲ್ಲಿ ಅವರ ಮೂಗು ಹೋಗಿತ್ತು. ಬೆಳ್ಳಿಯ ಮೂಗು ಮಾಡಿಸಿಕೊಂಡರು, ಅದು ವಾಸನೆ ಬರತೊಡಗಿತು. ಆಗ ಪ್ರವಾದಿ(ಸ)ಯವರು ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಪುರುಷರಿಗೆ ಚಿನ್ನ ಧರಿಸಲು ಅನುಮತಿ ಇಲ್ಲದಿದ್ದರೂ ಇಲ್ಲಿ ಸಿಕ್ಕಿತು. ದೇಹದ ನ್ಯೂನತೆಯನ್ನು ಸರಿಪಡಿಸಬಹುದು ಎಂಬುದಕ್ಕೆ ಉಲಮಾಗಳು ಈ ಪ್ರಸಂಗವನ್ನು ಆಧಾರವಾಗಿ ತೋರಿಸುತ್ತಾರೆ. ಸೃಷ್ಟಿಯನ್ನು ಸುಮ್ಮನೆ ಬದಲಿಸುವುದನ್ನು ತಡೆಯುತ್ತಾರೆ. ಸರಿಪಡಿಸುವುದು ಎಲ್ಲಿ ಮುಗಿದು ಬದಲಿಸುವುದು ಎಲ್ಲಿ ಶುರುವಾಗುತ್ತದೆ ಎಂಬುದು ಮತ್ತೆ ನಾವು ಲಸಿಕೆ ಮತ್ತು ಲೆನ್ಸಿನ ಹತ್ತಿರ ನೋಡಿದ ಅದೇ ಗೆರೆ. ಧರ್ಮನಿಷ್ಠರೆಲ್ಲ ತಂತ್ರಜ್ಞಾನಕ್ಕೆ ಕಣ್ಣು ಮುಚ್ಚಿ ಬೇಡ ಎನ್ನುತ್ತಾರೆ ಎಂಬ ತೀರ್ಮಾನಕ್ಕೆ ಬರುವವರು ಚಿನ್ನದ ಮೂಗನ್ನು ನೆನಪಿಸಿಕೊಳ್ಳಲಿ.

ಇನ್ನು ಮಾರುವವರ ಕಡೆ. 2008ರ ಅಧ್ಯಯನದಲ್ಲಿ ಇನ್ನೊಂದು ಭಾಗವಿದೆ, ನನ್ನ ಪ್ರಕಾರ ಇದೇ ಹೆಚ್ಚು ಮುಖ್ಯ. ಸಂಶೋಧಕರು ಮಾತ್ರೆಯ ಜಾಹೀರಾತನ್ನು ಎರಡು ರೀತಿ ಬರೆದರು. ಒಂದು, ಇದು ನಿಮ್ಮನ್ನು ಈಗಿರುವುದಕ್ಕಿಂತ ಹೆಚ್ಚಿನವರನ್ನಾಗಿ ಮಾಡುತ್ತದೆ ಎಂಬ ಅರ್ಥದ್ದು. ಇನ್ನೊಂದು, ಇದು ನಿಮ್ಮೊಳಗೆ ಆಗಲೇ ಇರುವ ನಿಮ್ಮನ್ನು ಹೊರತರುತ್ತದೆ ಎಂಬ ಅರ್ಥದ್ದು. 'ಇದೇ ನಾನು' ಎಂದುಕೊಂಡ ಗುಣವನ್ನು ಮುಟ್ಟುವ ಮಾತ್ರೆಗೂ ಎರಡನೆಯ ಮಾತು ಹೇಳಿದಾಗ ಜನರ ಹಿಂಜರಿಕೆ ಕಡಿಮೆಯಾಯಿತು. ಮಾತ್ರೆಯಲ್ಲಿ ಏನೂ ಬದಲಾಗಿಲ್ಲ, ವಾಕ್ಯ ಮಾತ್ರ ಬದಲಾಗಿದೆ. ನಮ್ಮ ಮೌಲ್ಯ ಯಾವ ಪ್ರಶ್ನೆಯನ್ನು ಮೊದಲು ಕೇಳುತ್ತದೆ ಎಂದು ಗೊತ್ತಿದ್ದರೆ, ಆ ಪ್ರಶ್ನೆ ಏಳದಂತೆ ಜಾಹೀರಾತು ಬರೆಯಬಹುದು. ಮಾರುಕಟ್ಟೆ ಅಧ್ಯಾಯದಲ್ಲಿ ಇದನ್ನು ಪ್ರವರ್ತನೆ ಎಂದು ಓದುತ್ತೇವೆ. ನಾಳೆ ಬಿ.ಬಿ.ಎ. ಮಾಡಿ ಆ ವಾಕ್ಯ ಬರೆಯುವ ಕೆಲಸಕ್ಕೆ ಸೇರುವವರು ನಮ್ಮ ಕ್ಲಾಸಿನಲ್ಲೇ ಇದ್ದಾರೆ.

ಇದು ದೂರದ ಮಾತಲ್ಲ. ಪರೀಕ್ಷೆ ಹತ್ತಿರ ಬಂದಾಗ ನಿದ್ದೆ ಬಾರದಂತೆ ಮಾಡುವ, ಏಕಾಗ್ರತೆ ಕೊಡುವ ಮಾತ್ರೆಗಳ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಅವುಗಳಲ್ಲಿ ಕೆಲವು ಕಾಯಿಲೆ ಇರುವವರಿಗಾಗಿ ವೈದ್ಯರು ಬರೆದುಕೊಡುವ ಔಷಧಗಳು. ಚೀಟಿ ಇಲ್ಲದೆ ಮಾರುವಂತಿಲ್ಲ, ಚಟವೂ ಆಗಬಹುದು. ಅವುಗಳ ಬಗ್ಗೆ ಬರುವ ಮೆಸೇಜುಗಳನ್ನು ಗಮನಿಸಿ ನೋಡಿ. 'ಬೇರೆಯವರಾಗಿ' ಎಂದು ಯಾವುದೂ ಹೇಳುವುದಿಲ್ಲ. ನಿಮ್ಮ ನಿಜವಾದ ಶಕ್ತಿ ಹೊರಬರಲಿ ಎಂಬ ಧಾಟಿಯೇ ಇರುತ್ತದೆ.

ಕೊನೆಗೆ ಒಂದು ಅಭ್ಯಾಸ. ಒಂದು ಹಾಳೆಯಲ್ಲಿ ಈ ಆರನ್ನು ಬರೆದುಕೊಳ್ಳಿ: ನಿದ್ದೆ ತಡೆಯುವುದು, ನೆನಪು, ಧೈರ್ಯ, ಸಿಟ್ಟು ಕಡಿಮೆಯಾಗುವುದು, ಕರುಣೆ, ಇಬಾದತ್ತಿನಲ್ಲಿ ಮನಸ್ಸು ನಿಲ್ಲುವುದು. ಪ್ರತಿಯೊಂದಕ್ಕೂ ಸುರಕ್ಷಿತ ಮಾತ್ರೆ ಇದ್ದರೆ ತೆಗೆದುಕೊಳ್ಳುತ್ತೀರೋ ಇಲ್ಲವೋ ಬರೆಯಿರಿ. ಬರೆಯುವಾಗ ನಿಮಗೆ ಮೊದಲು ಎದ್ದ ಪ್ರಶ್ನೆ ಯಾವುದು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ನಂತರ ಮನೆಯಲ್ಲಿ ನಿಮಗಿಂತ ಬಹಳ ದೊಡ್ಡವರೊಬ್ಬರನ್ನೂ ಬಹಳ ಚಿಕ್ಕವರೊಬ್ಬರನ್ನೂ ಇದೇ ಆರನ್ನು ಕೇಳಿ. ಹೆಸರು ಬೇಡ, ವಯಸ್ಸು ಮಾತ್ರ ಸಾಕು. ಹಾಳೆಗಳನ್ನು ಮುಂದಿನ ಸಂಚಿಕೆಗೆ ಮೊದಲು ಸೂಚನಾ ಫಲಕದ ಕೆಳಗಿನ ಪೆಟ್ಟಿಗೆಗೆ ಹಾಕಿ. ನಾನು ದಾದಿಯನ್ನು ಕೇಳಿದ್ದೇನೆ. ಐದಕ್ಕೆ ಬೇಡ ಎಂದರು. ಸಿಟ್ಟಿನ ಮಾತ್ರೆ ಮಾತ್ರ ಬೇಕಂತೆ, ತಮಗಲ್ಲ, ಅಬ್ಬಾಗೆ.